ಪೀಕಾಕ್ ರೂಮ್ (ನವಿಲು ಕೋಣೆ)

ಪೀಕಾಕ್ ರೂಮ್ ಅಥವಾ ನವಿಲು ಕೋಣೆಯು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಒಂದು ಶ್ರೀಮಂತ ಮನೆಯಲ್ಲಿದ್ದ ಊಟದ ಕೋಣೆಯಾಗಿದೆ. ಅಮೆರಿಕ ಮೂಲದ ಚಿತ್ರಕಾರ ಜೇಮ್ಸ್ ಮೆಕ್‌ನೀಲ್ ವಿಸ್ಲರ್ (1834–1903) 1876 ಮತ್ತು 1877ರಲ್ಲಿ ಇದರ ಗೋಡೆ, ಚಾವಣಿ ಮತ್ತು ಕಿಟಕಿಯ ಕದಗಳಿಗೆ ಗಾಢ ನೀಲಿ, ಹಸಿರುಮಿಶ್ರಿತ ನೀಲಿ ಹಾಗೂ ಚಿನ್ನದ ಬಣ್ಣಗಳನ್ನು ಬಳಿದು, ಕೋಣೆಯನ್ನೇ ಒಂದು ಚಿತ್ರವನ್ನಾಗಿ ಪರಿವರ್ತಿಸಿದನು. ಅವನು ಇದಕ್ಕಿಟ್ಟ ಪೂರ್ಣ ಹೆಸರು 'ಹಾರ್ಮನಿ ಇನ್ ಬ್ಲೂ ಅಂಡ್ ಗೋಲ್ಡ್: ದಿ ಪೀಕಾಕ್ ರೂಮ್', ಅಂದರೆ 'ನೀಲಿ ಮತ್ತು ಚಿನ್ನದ ಸಾಮರಸ್ಯ: ನವಿಲು ಕೋಣೆ'. ಕೋಣೆಯ ಉದ್ದ ಸುಮಾರು 10 ಮೀಟರ್, ಅಗಲ ಸುಮಾರು 6 ಮೀಟರ್ ಮತ್ತು ಎತ್ತರ ಸುಮಾರು 4 ಮೀಟರ್. ಇದು ಈಗ ಅಮೆರಿಕದ ವಾಷಿಂಗ್ಟನ್ ನಗರದ ಫ್ರಿಯರ್ ಕಲಾಶಾಲೆಯಲ್ಲಿದೆ.

ಊಟದ ಕೋಣೆಗೆ ಗಾಢ ಬಣ್ಣವನ್ನು ಆರಿಸಿದ ನಿದರ್ಶನಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದುದು. ಕೋಣೆಯ ಬಣ್ಣವನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು, ಆ ನಿರ್ಧಾರದ ಹಕ್ಕು ಮನೆಯೊಡೆಯನದೋ ಕಲಾವಿದನದೋ ಎಂಬ ಪ್ರಶ್ನೆಗಳು ಈ ಕೋಣೆಯ ಇತಿಹಾಸದಲ್ಲಿ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಗೋಡೆಗಳ ಮೇಲಿದ್ದ ಕೆಂಪು ಹೂವುಗಳು ಒಂದು ಚಿತ್ರಕ್ಕೆ ಹೊಂದುವುದಿಲ್ಲವೆಂಬ ಸಣ್ಣ ಆಕ್ಷೇಪದಿಂದ ಆರಂಭವಾದ ಕೆಲಸವು ಒಂದು ದೀರ್ಘ ಸ್ನೇಹದ ಅಂತ್ಯಕ್ಕೆ ಕಾರಣವಾಯಿತು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ ಪ್ರತಿಯೊಂದು ಕೋಣೆಗೂ ಅದಕ್ಕೆ ತಕ್ಕ ವರ್ಣವಿರಬೇಕೆಂಬ ರೂಢಿಯಿತ್ತು. ಸ್ತ್ರೀಯರು ಅತಿಥಿಗಳನ್ನು ಸತ್ಕರಿಸುತ್ತಿದ್ದ ಬೈಠಕ್ ಕೋಣೆಗೆ ತಿಳಿ ಬಣ್ಣಗಳೂ, ಪುರುಷರು ಊಟದ ಅನಂತರವೂ ಕುಳಿತು ಮಾತನಾಡುತ್ತಿದ್ದ ಊಟದ ಕೋಣೆಗೆ ಕಡುಗೆಂಪು, ಕಡುಹಸಿರು, ಕಂದು ಮೊದಲಾದ ಗಾಢ ಬಣ್ಣಗಳೂ ಯೋಗ್ಯವೆಂದು ಭಾವಿಸಲಾಗುತ್ತಿತ್ತು. ಇದಕ್ಕೆ ಪ್ರಾಯೋಗಿಕ ಕಾರಣಗಳೂ ಇದ್ದವು. ಕಲ್ಲಿದ್ದಲಿನ ಅಗ್ಗಿಷ್ಟಿಕೆ ಮತ್ತು ಅನಿಲ ದೀಪಗಳಿಂದ ಹೊರಡುವ ಮಸಿಯು ತಿಳಿ ಬಣ್ಣದ ಗೋಡೆಯ ಮೇಲೆ ಬೇಗನೆ ಎದ್ದು ಕಾಣುತ್ತಿತ್ತು. ಅಲ್ಲದೆ ಮುಖ್ಯ ಭೋಜನವು ಸಂಜೆಯ ವೇಳೆಯಲ್ಲಿ ನಡೆಯುತ್ತಿದ್ದುದರಿಂದ ಆ ಕೋಣೆಗೆ ಹಗಲಿನ ಬೆಳಕು ಅಷ್ಟಾಗಿ ಬೇಕಿರಲಿಲ್ಲ. ಬಿಳಿಯ ಮೇಜುವಸ್ತ್ರ, ಬೆಳ್ಳಿಯ ಪಾತ್ರೆ ಮತ್ತು ಗಾಜಿನ ಲೋಟಗಳು ಗಾಢ ಹಿನ್ನೆಲೆಯಲ್ಲಿ ಹೆಚ್ಚು ಶೋಭಿಸುತ್ತಿದ್ದವು.

ಲಂಡನ್ನಿನಲ್ಲಿ ಈ ರೂಢಿಯ ಇತರ ಉದಾಹರಣೆಗಳು ಇಂದಿಗೂ ಉಳಿದಿವೆ. ವಾಸ್ತುಶಿಲ್ಪಿ ಸರ್ ಜಾನ್ ಸೋನ್‌ನ ಮನೆಯ ಗ್ರಂಥಾಲಯ ಮತ್ತು ಊಟದ ಕೋಣೆಗೆ ಪೊಂಪೇ ನಗರದ ಗೋಡೆಗಳನ್ನು ನೆನಪಿಸುವ ಕಡುಗೆಂಪು ಬಣ್ಣವಿದೆ. ವಿಲಿಯಂ ಮಾರಿಸ್‌ನ ಸಂಸ್ಥೆಯು 1860ರ ದಶಕದಲ್ಲಿ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯಕ್ಕಾಗಿ (ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ) 'ಹಸಿರು ಊಟದ ಕೋಣೆ'ಯನ್ನು ರೂಪಿಸಿತು. ಆದುದರಿಂದ ವಿಸ್ಲರ್ ಊಟದ ಕೋಣೆಗೆ ಗಾಢ ವರ್ಣವನ್ನು ಬಳಸಿದ್ದು ಹೊಸದೇನಲ್ಲ. ಅದನ್ನು ಚಾವಣಿಯವರೆಗೂ, ಕಿಟಕಿಯ ಕದಗಳವರೆಗೂ ಬಿಡುವಿಲ್ಲದೆ ಒಯ್ದುದು ಅವನ ಹೊಸತನ.

ಜೆಕಿಲ್‌ನ ಮೂಲ ವಿನ್ಯಾಸ

ಲಿವರ್‌ಪೂಲ್‌ನ ಹಡಗು ವ್ಯಾಪಾರಿ ಫ್ರೆಡರಿಕ್ ರಿಚರ್ಡ್ಸ್ ಲೇಲಂಡ್ (1831–1892) ಸಾಮಾನ್ಯ ಕುಟುಂಬದಲ್ಲಿ ಹುಟ್ಟಿ ಸ್ವಂತ ದುಡಿಮೆಯಿಂದ ಸಿರಿವಂತನಾದವನು. ಚಿತ್ರಕಲೆ ಮತ್ತು ಸಂಗೀತದಲ್ಲಿ ಆಸಕ್ತಿಯಿದ್ದ ಅವನು ವಿಸ್ಲರ್‌ನ ಮುಖ್ಯ ಆಶ್ರಯದಾತನಾಗಿದ್ದನು. ವಿಸ್ಲರ್ ತನ್ನ ರಾತ್ರಿಯ ದೃಶ್ಯಗಳಿಗೆ 'ನಾಕ್ಟರ್ನ್' ಎಂಬ ಸಂಗೀತದ ಹೆಸರನ್ನು ಬಳಸುವಂತೆ ಸೂಚಿಸಿದವನೂ ಲೇಲಂಡನೇ. ಲಂಡನ್ನಿನ ಕೆನ್ಸಿಂಗ್ಟನ್ ಭಾಗದ ಪ್ರಿನ್ಸಸ್ ಗೇಟ್ ಬೀದಿಯ 49ನೆಯ ಸಂಖ್ಯೆಯ ಮನೆಯನ್ನು ಕೊಂಡ ಲೇಲಂಡ್, ಅದರ ಊಟದ ಕೋಣೆಯಲ್ಲಿ ತನ್ನ ಚೀನೀ ಪಿಂಗಾಣಿ ಸಂಗ್ರಹವನ್ನು ಪ್ರದರ್ಶಿಸಬೇಕೆಂದು ಬಯಸಿದನು. ಈ ಪಿಂಗಾಣಿಯು ಬಹುಪಾಲು ಚೀನಾದ ಕಾಂಗ್‌ಷಿ ಚಕ್ರವರ್ತಿಯ ಕಾಲದ (1661–1722) ನೀಲಿ ಮತ್ತು ಬಿಳಿ ಬಣ್ಣದ್ದಾಗಿತ್ತು.

ಕೋಣೆಯ ವಿನ್ಯಾಸದ ಹೊಣೆಯನ್ನು ಥಾಮಸ್ ಜೆಕಿಲ್ (1827–1881) ಎಂಬ ವಾಸ್ತುಶಿಲ್ಪಿಗೆ ವಹಿಸಲಾಯಿತು. ಅವನು ಗೋಡೆಗಳುದ್ದಕ್ಕೂ ವಾಲ್ನಟ್ ಮರದ ತೆಳುವಾದ ಕಂಬಗಳನ್ನೂ ಅಡ್ಡಹಲಗೆಗಳನ್ನೂ ಜಾಲಂದರದಂತೆ ಜೋಡಿಸಿ ಪಿಂಗಾಣಿ ಪಾತ್ರೆಗಳಿಗೆ ಗೂಡುಗಳನ್ನು ಮಾಡಿದನು. ಚಾವಣಿಯಿಂದ ಎಂಟು ಅನಿಲ ದೀಪಗಳನ್ನು ಇಳಿಬಿಟ್ಟನು. ಗೂಡುಗಳ ಹಿಂದೆ ಹಳೆಯ ಕಾಲದ, ಚಿನ್ನದ ಲೇಪವುಳ್ಳ ಚಿತ್ರಿತ ಚರ್ಮವನ್ನು ಹೊದಿಸಲಾಯಿತು. ಎಂಟನೆಯ ಹೆನ್ರಿಯ ರಾಣಿ ಕ್ಯಾಥರೀನ್ ಸ್ಪೇನಿನಿಂದ ತನ್ನೊಡನೆ ತಂದ ಚರ್ಮವಿದು ಎಂಬ ಐತಿಹ್ಯ ಅದಕ್ಕೆ ಅಂಟಿಕೊಂಡಿತ್ತು. ಲೇಲಂಡ್ ಇದಕ್ಕೆ 1,000 ಪೌಂಡ್ ತೆತ್ತನೆಂದು ಹೇಳಲಾಗಿದೆ. ಅಗ್ಗಿಷ್ಟಿಕೆಯ ಮೇಲ್ಭಾಗದಲ್ಲಿ ವಿಸ್ಲರ್‌ನ 'ಪಿಂಗಾಣಿ ನಾಡಿನ ರಾಜಕುಮಾರಿ' (1863–65) ಎಂಬ ದೊಡ್ಡ ತೈಲಚಿತ್ರವನ್ನು ತೂಗುಹಾಕಲಾಯಿತು. ಪೌರ್ವಾತ್ಯ ನಿಲುವಂಗಿ ತೊಟ್ಟು ನಿಂತ ಯುವತಿಯೊಬ್ಬಳ ಈ ಚಿತ್ರದಲ್ಲಿ ಗುಲಾಬಿ ಮತ್ತು ಬೆಳ್ಳಿಯ ಛಾಯೆಗಳು ಪ್ರಧಾನವಾಗಿವೆ.

ವಿಸ್ಲರ್‌ನ ಬದಲಾವಣೆಗಳು

1876ರಲ್ಲಿ ಕೋಣೆಯ ಕೆಲಸವು ಮುಗಿಯುವ ಹಂತಕ್ಕೆ ಬಂದಾಗ, ಬಾಗಿಲು ಮತ್ತು ಕಿಟಕಿಯ ಕದಗಳಿಗೆ ಯಾವ ಬಣ್ಣ ಹಚ್ಚಬೇಕೆಂಬ ವಿಷಯದಲ್ಲಿ ವಿಸ್ಲರ್‌ನ ಸಲಹೆ ಕೇಳಲಾಯಿತು. ಗೋಡೆಯ ಚರ್ಮದ ಮೇಲಿನ ಕೆಂಪು ಹೂವುಗಳು ತನ್ನ ರಾಜಕುಮಾರಿಯ ಚಿತ್ರದ ಕೋಮಲ ವರ್ಣಗಳನ್ನು ಮಂಕಾಗಿಸುತ್ತವೆಂದು ಅವನಿಗೆ ತೋರಿತು. ಆ ಹೂವುಗಳನ್ನು ಹಳದಿಯಿಂದ ತಿದ್ದಲು ಅವನೇ ಮುಂದಾದನು. ಲೇಲಂಡ್ ಒಪ್ಪಿದನು. ಚಾವಣಿಯಂಚಿನ ಪಟ್ಟಿ ಹಾಗೂ ಮರಗೆಲಸದ ಮೇಲೆ ಅಲೆಗಳಂತಹ ವಿನ್ಯಾಸವೊಂದನ್ನು ಬರೆಯಲೂ ಒಪ್ಪಿಗೆ ದೊರೆಯಿತು. ಇಷ್ಟಕ್ಕೆ ಕೆಲಸ ಮುಗಿಯಿತೆಂದು ಭಾವಿಸಿ ಲೇಲಂಡ್ ವ್ಯಾಪಾರದ ನಿಮಿತ್ತ ಲಿವರ್‌ಪೂಲ್‌ಗೆ ಮರಳಿದನು. ಜೆಕಿಲ್ ಅನಾರೋಗ್ಯದಿಂದ ಕೆಲಸವನ್ನು ಬಿಟ್ಟಿದ್ದನು. ಹೀಗಾಗಿ ಕೋಣೆಯಲ್ಲಿ ವಿಸ್ಲರ್‌ನನ್ನು ತಡೆಯುವವರು ಯಾರೂ ಇರಲಿಲ್ಲ.

ಒಂದು ಬದಲಾವಣೆಯು ಇನ್ನೊಂದನ್ನು ಅನಿವಾರ್ಯಗೊಳಿಸಿತು. ವಿಸ್ಲರ್ ಚಾವಣಿಗೆ ಚಿನ್ನದಂತೆ ಹೊಳೆಯುವ, ಆದರೆ ಚಿನ್ನವಲ್ಲದ ಲೋಹದ ರೇಕನ್ನು ಅಂಟಿಸಿ ಅದರ ಮೇಲೆ ನವಿಲುಗರಿಗಳ ದಟ್ಟವಾದ ವಿನ್ಯಾಸವನ್ನು ಬರೆದನು. ಜೆಕಿಲ್ ಮಾಡಿಸಿದ್ದ ವಾಲ್ನಟ್ ಗೂಡುಗಳಿಗೆ ಚಿನ್ನದ ಲೇಪ ಹಚ್ಚಿದನು. ಕಿಟಕಿಯ ಕದಗಳ ಒಳಮೈಯಲ್ಲಿ ಉದ್ದವಾದ ಗರಿಗಳನ್ನು ಇಳಿಬಿಟ್ಟ ನವಿಲುಗಳನ್ನು ಚಿತ್ರಿಸಿದನು. ಮನೆಯೊಡೆಯನು ಊರಿನಲ್ಲಿಲ್ಲದಾಗಲೇ ಸ್ನೇಹಿತರನ್ನೂ ಪತ್ರಕರ್ತರನ್ನೂ ಕರೆದು ಕೋಣೆಯನ್ನು ತೋರಿಸತೊಡಗಿದನು. ತಾನು ಒಪ್ಪಿದ್ದಕ್ಕಿಂತ ಬಹಳ ದೂರ ಸಾಗಿದ್ದ ಕೆಲಸವನ್ನು ಲೇಲಂಡ್ ಅದೇ ವರ್ಷ ಲಂಡನ್ನಿಗೆ ಮರಳಿದಾಗ ಕಂಡನು.

ವಿವಾದ

ಕೆಲಸಕ್ಕೆ ವಿಸ್ಲರ್ 2,000 ಗಿನಿ ಕೇಳಿದನು. ತಾನು ಕೇಳದ ಕೆಲಸಕ್ಕೆ ಅಷ್ಟು ಹಣ ಕೊಡಲಾಗದೆಂದು ಲೇಲಂಡ್ ವಾದಿಸಿದನು. ಕೊನೆಗೆ ಅರ್ಧದಷ್ಟು ಕೊಡಲು ಒಪ್ಪಿ, ಅದನ್ನೂ ಗಿನಿಯಲ್ಲಿ ಕೊಡದೆ 1,000 ಪೌಂಡ್ ಎಂದು ಲೆಕ್ಕ ಹಾಕಿದನು. ಗಿನಿ ಎಂದರೆ 21 ಷಿಲಿಂಗ್, ಪೌಂಡ್ ಎಂದರೆ 20 ಷಿಲಿಂಗ್. ಆ ಕಾಲದ ಶಿಷ್ಟಾಚಾರದಂತೆ ಕಲಾವಿದರಿಗೆ ಗಿನಿಗಳಲ್ಲಿಯೂ, ಕೂಲಿಕಾರರಿಗೆ ಮತ್ತು ಅಂಗಡಿಯವರಿಗೆ ಪೌಂಡುಗಳಲ್ಲಿಯೂ ಹಣ ಸಲ್ಲಿಸಲಾಗುತ್ತಿತ್ತು. ಪ್ರತಿ ಗಿನಿಗೆ ಒಂದರಂತೆ ಕಳೆದ 1,000 ಷಿಲಿಂಗ್‌ಗಳಿಗಿಂತ, ತನ್ನನ್ನು ಗೋಡೆಗೆ ಬಣ್ಣ ಬಳಿಯುವವನ ಸಾಲಿಗೆ ಸೇರಿಸಿದುದು ವಿಸ್ಲರ್‌ಗೆ ಹೆಚ್ಚಿನ ಅವಮಾನವಾಗಿ ಕಂಡಿತು.

ಆದರೂ ಅವನು ಕೆಲಸವನ್ನು ನಿಲ್ಲಿಸಲಿಲ್ಲ. ಲೇಲಂಡ್ ಅಷ್ಟು ಬೆಲೆ ತೆತ್ತು ಕೊಂಡ ಚರ್ಮದ ಮೇಲೆ ಪ್ರಷ್ಯನ್ ನೀಲಿ ಬಣ್ಣವನ್ನು ಪೂರ್ಣವಾಗಿ ಬಳಿದುಬಿಟ್ಟನು. ರಾಜಕುಮಾರಿಯ ಚಿತ್ರದ ಎದುರಿನ ಗೋಡೆಯು ವಿಸ್ಲರ್‌ನ ಇನ್ನೊಂದು ತೈಲಚಿತ್ರಕ್ಕಾಗಿ ಮೀಸಲಾಗಿತ್ತು. ಆ ಚಿತ್ರವು ಪೂರ್ಣಗೊಂಡಿರಲಿಲ್ಲ. ಆ ಸ್ಥಳದಲ್ಲಿ ಅವನು ಕಾದಾಡುವ ಎರಡು ಚಿನ್ನದ ನವಿಲುಗಳನ್ನು ಬರೆದನು. ಸಿಟ್ಟಿನಿಂದ ಗರಿಬಿಚ್ಚಿದ ನವಿಲಿನ ಕಾಲ ಬಳಿ ನಾಣ್ಯಗಳು ಚೆಲ್ಲಿವೆ. ಅವು ಕೊಡದೆ ಉಳಿಸಿಕೊಂಡ ಷಿಲಿಂಗ್‌ಗಳು. ಅದರ ಕೊರಳಿನ ಬೆಳ್ಳಿಯ ಗರಿಗಳು ಲೇಲಂಡ್ ತೊಡುತ್ತಿದ್ದ ನಿರಿಗೆಯ ಅಂಗಿಯನ್ನು ಸೂಚಿಸುತ್ತವೆ. ಇನ್ನೊಂದು ನವಿಲಿನ ತಲೆಯ ಮೇಲಿನ ಬೆಳ್ಳಿಯ ಜುಟ್ಟು ವಿಸ್ಲರ್‌ನ ಹಣೆಯ ಮೇಲಿದ್ದ ಬಿಳಿಯ ಕೂದಲಿನ ಸುರುಳಿಯನ್ನು ಹೋಲುತ್ತದೆ. ಈ ಚಿತ್ರಕ್ಕೆ ಅವನು 'ಕಲೆ ಮತ್ತು ಹಣ. ಅಥವಾ, ಕೋಣೆಯ ಕಥೆ' ಎಂಬ ಅರ್ಥದ ಹೆಸರಿಟ್ಟನು. 1877ರಲ್ಲಿ ಕೆಲಸ ಮುಗಿಸಿ ಹೊರಬಂದ ಮೇಲೆ ಅವನು ಆ ಕೋಣೆಯನ್ನು ಮತ್ತೆ ನೋಡಲಿಲ್ಲ.

ವಿವಾದದ ಪರಿಣಾಮವು ಇಬ್ಬರಿಗೇ ಸೀಮಿತವಾಗಲಿಲ್ಲ. ತನ್ನ ವಿನ್ಯಾಸವು ಮರೆಯಾದುದನ್ನು ಕಂಡು ಜೆಕಿಲ್‌ಗೆ ಬುದ್ಧಿಭ್ರಮಣೆಯಾಯಿತೆಂಬ ಕಥೆ ಪ್ರಚಾರದಲ್ಲಿದೆ. ಆದರೆ ಅವನು ಕೆಲಸ ಬಿಟ್ಟುದೇ ಅನಾರೋಗ್ಯದಿಂದ ಎಂಬುದನ್ನು ಗಮನಿಸಿದರೆ ಇದನ್ನು ಪೂರ್ಣವಾಗಿ ನಂಬಲಾಗದು. ಅವನು ಚೇತರಿಸಿಕೊಳ್ಳದೆ 1881ರಲ್ಲಿ ತೀರಿಕೊಂಡನು. ಗೂಡುಗಳನ್ನು ರೂಪಿಸಿದ ಅವನ ಹೆಸರು ಬಹುಕಾಲ ವಿಸ್ಲರ್‌ನ ಖ್ಯಾತಿಯ ಹಿಂದೆ ಮರೆಯಾಯಿತು. ವಿಸ್ಲರ್ 1879ರಲ್ಲಿ ದಿವಾಳಿಯಾದಾಗ ಅವನ ಸಾಲಗಾರರಲ್ಲಿ ಲೇಲಂಡನೂ ಒಬ್ಬನಾಗಿದ್ದನು. ಅದೇ ವರ್ಷ ವಿಸ್ಲರ್, ಲೇಲಂಡನನ್ನು ಪಿಯಾನೋ ನುಡಿಸುವ ನವಿಲುರೂಪದ ವಿಕಾರ ಪ್ರಾಣಿಯನ್ನಾಗಿ ಬಿಂಬಿಸುವ ವ್ಯಂಗ್ಯಚಿತ್ರವೊಂದನ್ನು ರಚಿಸಿದನು. ಇಷ್ಟಾದರೂ ಲೇಲಂಡ್ ಗೋಡೆಯ ಬಣ್ಣವನ್ನು ಅಳಿಸಲಿಲ್ಲ. ತನ್ನನ್ನು ಅಣಕಿಸುವ ನವಿಲನ್ನೂ ಹಾಗೆಯೇ ಉಳಿಸಿಕೊಂಡನು. 1892ರಲ್ಲಿ ಸಾಯುವವರೆಗೂ ಕೋಣೆಯು ವಿಸ್ಲರ್ ಬಿಟ್ಟುಹೋದಂತೆಯೇ ಇತ್ತು.

ವರ್ಣಯೋಜನೆ

ಕೋಣೆಯ ಮುಖ್ಯ ವರ್ಣವಾದ ಪ್ರಷ್ಯನ್ ನೀಲಿಯು ಹದಿನೆಂಟನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನಲ್ಲಿ ತಯಾರಾದ, ಕಬ್ಬಿಣದ ಸಂಯುಕ್ತವೊಂದರಿಂದಾದ ಕೃತಕ ವರ್ಣದ್ರವ್ಯ. ಇದು ಬಹಳ ತೀಕ್ಷ್ಣವಾದುದು. ಸ್ವಲ್ಪ ಬೆರೆಸಿದರೂ ಇತರ ಬಣ್ಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ದಪ್ಪವಾಗಿ ಬಳಿದಾಗ ಇದು ಕಪ್ಪಿಗೆ ಸಮೀಪವಾಗಿಯೂ, ತೆಳುವಾಗಿ ಬಳಿದಾಗ ಹಸಿರಿನ ಛಾಯೆಯ ನೀಲಿಯಾಗಿಯೂ ಕಾಣುತ್ತದೆ. ನವಿಲಿನ ಬಣ್ಣವನ್ನು ಸೂಚಿಸಲು ಈ ಗುಣವು ಅನುಕೂಲವಾಯಿತು.

ನವಿಲುಗರಿಯ ನೀಲಿ ಮತ್ತು ಹಸಿರು ವರ್ಣದ್ರವ್ಯದಿಂದ ಉಂಟಾದುವಲ್ಲ. ಗರಿಯ ಅತಿಸೂಕ್ಷ್ಮ ರಚನೆಗಳಿಂದ ಬೆಳಕು ಪ್ರತಿಫಲಿಸುವ ರೀತಿಯಿಂದ ಅವು ಕಾಣಿಸುತ್ತವೆ. ಆದುದರಿಂದಲೇ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಗರಿಯಲ್ಲಿರುವ ಮೆಲನಿನ್ ಎಂಬ ಕಪ್ಪು ದ್ರವ್ಯವು ಅನಗತ್ಯ ಬೆಳಕನ್ನು ಹೀರಿಕೊಳ್ಳುವುದರಿಂದ ಆ ಹೊಳಪು ಮತ್ತಷ್ಟು ಎದ್ದು ಕಾಣುತ್ತದೆ. ಬಣ್ಣದ ಡಬ್ಬಿಯಿಂದ ಇಂತಹ ಹೊಳಪನ್ನು ನೇರವಾಗಿ ಪಡೆಯುವುದು ಸಾಧ್ಯವಿಲ್ಲ. ಆದರೆ ಗಾಢವಾದ ನೀಲಿಯ ಪಕ್ಕದಲ್ಲಿ ಲೋಹದ ರೇಕನ್ನೂ ಚಿನ್ನದ ಬಣ್ಣವನ್ನೂ ಇರಿಸಿದಾಗ, ನೋಡುವವನು ನಡೆದಾಡಿದಂತೆ ಲೋಹವು ಮಿನುಗಿ ಆರುತ್ತದೆ. ಗರಿಯಲ್ಲಿ ಮೆಲನಿನ್ ಮಾಡುವ ಕೆಲಸಕ್ಕೆ ಹೋಲುವ ಕೆಲಸವನ್ನು ಕೋಣೆಯಲ್ಲಿ ಗಾಢ ನೀಲಿಯು ಮಾಡುತ್ತದೆ.

ಬೆಳಕಿನ ಪಾತ್ರವೂ ಗಮನಾರ್ಹವಾಗಿದೆ. ನವಿಲುಗಳ ಚಿತ್ರಗಳು ಕಿಟಕಿಯ ಕದಗಳ ಒಳಮೈಯಲ್ಲಿರುವುದರಿಂದ, ಕದಗಳನ್ನು ಮುಚ್ಚಿದಾಗ ಮಾತ್ರ ಕೋಣೆಯು ಪೂರ್ಣವಾಗುತ್ತದೆ. ಅಂದರೆ ಈ ವರ್ಣಯೋಜನೆಯು ಇರುಳಿನ ಭೋಜನಕ್ಕೆ, ಅನಿಲ ದೀಪದ ಹಳದಿ ಬೆಳಕಿಗೆ ಹೊಂದಿದ್ದಾಗಿತ್ತು. ಹಳದಿ ಬೆಳಕಿನಲ್ಲಿ ನೀಲಿಯು ಹಸಿರಿನತ್ತ ವಾಲುತ್ತದೆ, ಚಿನ್ನವು ಬೆಚ್ಚಗೆ ಕಾಣುತ್ತದೆ. ಹಗಲಿನ ಬೆಳಕಿನಲ್ಲಿ ಅದೇ ಗೋಡೆ ಬೇರೆಯಾಗಿ ಕಾಣುತ್ತದೆ.

ಈ ಸಾಮರಸ್ಯಕ್ಕೆ ಒಂದು ಬೆಲೆಯೂ ಇತ್ತು. ಜೆಕಿಲ್‌ನ ವಿನ್ಯಾಸದಲ್ಲಿ ನೀಲಿ ಮತ್ತು ಬಿಳಿ ಪಿಂಗಾಣಿಯು ಪ್ರಧಾನವಾಗಿತ್ತು. ಕಂದು ಮರ ಮತ್ತು ಚರ್ಮಗಳು ಅದಕ್ಕೆ ಹಿನ್ನೆಲೆಯಾಗಿದ್ದವು. ವಿಸ್ಲರ್‌ನ ಗಾಢ ನೀಲಿ ಮತ್ತು ಚಿನ್ನದ ನಡುವೆ ಕೋಣೆಯೇ ಪ್ರಧಾನವಾಗಿ, ಯಾವುದಕ್ಕಾಗಿ ಕೋಣೆಯನ್ನು ಕಟ್ಟಿಸಲಾಗಿತ್ತೋ ಆ ಪಿಂಗಾಣಿಯು ಅಲಂಕಾರದ ಒಂದು ಅಂಗವಾಗಿ ಉಳಿಯಿತು.

ಲಂಡನ್ನಿನಿಂದ ವಾಷಿಂಗ್ಟನ್‌ಗೆ

ಲೇಲಂಡ್ ತೀರಿಕೊಂಡ ಮೇಲೆ ಅವನ ಸಂಗ್ರಹವು ಹರಾಜಾಗಿ ಚದುರಿಹೋಯಿತು; ಮನೆಯೂ ಬೇರೆಯವರ ಪಾಲಾಯಿತು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ರೈಲು ಬೋಗಿಗಳ ತಯಾರಿಕೆಯಿಂದ ಶ್ರೀಮಂತನಾಗಿದ್ದ ಚಾರ್ಲ್ಸ್ ಲ್ಯಾಂಗ್ ಫ್ರಿಯರ್ (1854–1919) ಮೊದಲು ರಾಜಕುಮಾರಿಯ ಚಿತ್ರವನ್ನೂ, 1904ರಲ್ಲಿ ಇಡೀ ಕೋಣೆಯನ್ನೂ ಕೊಂಡನು. ಗೋಡೆ, ಗೂಡು, ಚಾವಣಿಗಳನ್ನು ಬಿಡಿಬಿಡಿಯಾಗಿ ಕಳಚಿ ಹಡಗಿನಲ್ಲಿ ಸಾಗಿಸಿ, ಡೆಟ್ರಾಯಿಟ್‌ನಲ್ಲಿದ್ದ ತನ್ನ ಮನೆಗೆ ಹೊಂದಿಸಿ ನಿಲ್ಲಿಸಿದನು.

ಬರಿದಾಗಿದ್ದ ಗೂಡುಗಳಲ್ಲಿ ಫ್ರಿಯರ್ ನೀಲಿ ಮತ್ತು ಬಿಳಿ ಪಿಂಗಾಣಿಯ ಬದಲು ಚೀನಾ, ಜಪಾನ್, ಕೊರಿಯ, ಇರಾನ್ ಮತ್ತು ಸಿರಿಯಗಳಿಂದ ಬಂದ ಮಣ್ಣಿನ ಪಾತ್ರೆಗಳನ್ನು ಇರಿಸಿದನು. ಹಸಿರು, ಕಂದು, ಬೂದು ಮತ್ತು ವೈಡೂರ್ಯದ ಛಾಯೆಗಳ ಈ ಪಾತ್ರೆಗಳು ಕೋಣೆಗೆ ಬೇರೊಂದು ಗಂಭೀರ ಕಳೆಯನ್ನು ತಂದವು. ಫ್ರಿಯರ್ ತನ್ನ ಸಂಗ್ರಹವನ್ನು ಅಮೆರಿಕದ ಜನತೆಗೆ ದಾನ ಮಾಡಿದನು. 1923ರಲ್ಲಿ ವಾಷಿಂಗ್ಟನ್ನಿನಲ್ಲಿ ಫ್ರಿಯರ್ ಕಲಾಶಾಲೆಯು ಆರಂಭವಾದಾಗ ಕೋಣೆಯು ಅಲ್ಲಿ ನೆಲೆಗೊಂಡಿತು. ದಶಕಗಳಲ್ಲಿ ಸೇರಿದ ಕೊಳೆಯನ್ನೂ ನಂತರದವರ ಲೇಪಗಳನ್ನೂ ತೆಗೆಯುವ ಸಂರಕ್ಷಣಾ ಕಾರ್ಯವು 1990ರ ಸುಮಾರಿಗೆ ನಡೆಯಿತು. ಅದರಿಂದ ಮೂಲದ ನೀಲಿ–ಹಸಿರು ಛಾಯೆಗಳು ಮತ್ತೆ ಗೋಚರಿಸಿದವು.

ಊಟದ ಕೋಣೆಗೆ ಗಾಢ ವರ್ಣದ ಆಯ್ಕೆ

ನವಿಲು ಕೋಣೆಯು ಅರಮನೆಯಂತಹ ಮನೆಯ ನಿದರ್ಶನವಾದರೂ, ಅದರಿಂದ ತಿಳಿಯುವ ಕೆಲವು ತತ್ತ್ವಗಳು ಸಾಮಾನ್ಯ ಮನೆಗಳಿಗೂ ಅನ್ವಯಿಸುತ್ತವೆ.

ಕೋಣೆಯಲ್ಲಿರುವ ವಸ್ತುಗಳು: ಗಾಢ ಬಣ್ಣವು ಒಂಟಿಯಾಗಿ ಚೆನ್ನಾಗಿರುವುದಿಲ್ಲ ಅಥವಾ ಕೆಟ್ಟದಾಗಿರುವುದಿಲ್ಲ. ಬದಲಾಯಿಸಲಾಗದ ವಸ್ತುಗಳು, ಅಂದರೆ ನೆಲ, ಮೇಜು, ದೊಡ್ಡ ಚಿತ್ರ, ಪಾತ್ರೆಗಳ ಕಪಾಟು ಮೊದಲಾದವುಗಳ ಬಣ್ಣವನ್ನು ಮೊದಲು ಗಮನಿಸಿ ಗೋಡೆಯ ಬಣ್ಣವನ್ನು ಅನಂತರ ನಿರ್ಧರಿಸುವುದು ಸೂಕ್ತ. ವಿಸ್ಲರ್‌ನ ಕೆಲಸ ಆರಂಭವಾದದ್ದೂ ಇಂತಹ ಹೊಂದಾಣಿಕೆಯ ಪ್ರಶ್ನೆಯಿಂದಲೇ.

ಬೆಳಕು: ಗಾಢ ಬಣ್ಣದ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅದೇ ಕೋಣೆಗೆ ಹೆಚ್ಚು ದೀಪಗಳು ಬೇಕಾಗುತ್ತವೆ. ಮೇಜಿನ ಮೇಲ್ಭಾಗದಲ್ಲಿ ದೀಪವನ್ನು ಇಳಿಬಿಟ್ಟರೆ ಆಹಾರವೂ ಕುಳಿತವರ ಮುಖಗಳೂ ಬೆಳಗುತ್ತವೆ. ಗೋಡೆಗಳು ಹಿಂದೆ ಸರಿದಂತೆ ತೋರುತ್ತವೆ. ಮಂದ ಬೆಳಕಿನಲ್ಲಿ ಮಾನವನ ಕಣ್ಣಿಗೆ ಕೆಂಪು ಬಣ್ಣವು ನೀಲಿಗಿಂತ ಬೇಗನೆ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಪುರ್ಕಿಂಜೆ ಪರಿಣಾಮ ಎಂದು ಹೆಸರು. ಬಹಳ ಮಂದವಾದ ದೀಪ ಬಳಸುವವರು ಕಡುಗೆಂಪನ್ನು ಆರಿಸುವಾಗ ಇದನ್ನು ನೆನಪಿನಲ್ಲಿಡಬೇಕು.

ಪರೀಕ್ಷೆ: ಅಂಗಡಿಯ ಚಿಕ್ಕ ಬಣ್ಣದ ಚೀಟಿಯಲ್ಲಿ ಕಂಡ ಛಾಯೆಯು ನಾಲ್ಕು ಗೋಡೆಗಳ ಮೇಲೆ ಮತ್ತಷ್ಟು ತೀವ್ರವಾಗಿ ತೋರುತ್ತದೆ. ದೊಡ್ಡ ರಟ್ಟಿನ ಹಾಳೆಗೆ ಎರಡು ಸಲ ಬಣ್ಣ ಬಳಿದು, ಬೇರೆ ಬೇರೆ ಗೋಡೆಗಳ ಮೇಲಿಟ್ಟು, ಹಗಲಿನಲ್ಲಿಯೂ ಊಟದ ಹೊತ್ತಿನ ದೀಪದಲ್ಲಿಯೂ ನೋಡುವುದು ಉತ್ತಮ.

ಹೊಳಪು: ಹೊಳಪಿಲ್ಲದ ಮ್ಯಾಟ್ ಬಣ್ಣದಲ್ಲಿ ಗಾಢ ವರ್ಣವು ಆಳವಾಗಿ ಕಾಣುತ್ತದೆ. ಆದರೆ ಕೈಗುರುತು ಮತ್ತು ಉಜ್ಜಿದ ಗೆರೆಗಳು ಅದರ ಮೇಲೆ ಬೇಗ ಮೂಡುತ್ತವೆ. ಹೊಳಪಿನ ಬಣ್ಣವನ್ನು ಒರೆಸುವುದು ಸುಲಭ. ಆದರೆ ಗೋಡೆಯ ಉಬ್ಬುತಗ್ಗುಗಳು ಅದರಲ್ಲಿ ಎದ್ದು ಕಾಣುತ್ತವೆ. ಊಟದ ಕೋಣೆಯಲ್ಲಿ ಇವೆರಡರ ನಡುವಿನ ಮಂದ ಹೊಳಪನ್ನು ಹಲವರು ಆರಿಸುತ್ತಾರೆ.

ಒಪ್ಪಿಗೆ: ಗಾಢ ಬಣ್ಣವನ್ನು ಮತ್ತೆ ತಿಳಿಯಾಗಿಸುವುದು ಕಷ್ಟ. ಅದಕ್ಕೆ ಮೊದಲು ಅಸ್ತರಿ ಬಣ್ಣ, ಅನಂತರ ಹಲವು ಲೇಪಗಳು ಬೇಕಾಗುತ್ತವೆ. ಆದುದರಿಂದ ಯಾವ ಗೋಡೆಗೆ ಯಾವ ಬಣ್ಣ, ಎಲ್ಲಿಯವರೆಗೆ, ಎಷ್ಟು ಹಣಕ್ಕೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಮನೆಯವರೂ ಕೆಲಸ ಮಾಡುವವರೂ ನಿಶ್ಚಯಿಸಿಕೊಳ್ಳುವುದು ಅಗತ್ಯ. ಲೇಲಂಡ್ ಮತ್ತು ವಿಸ್ಲರ್ ಇದನ್ನು ಮಾಡಲಿಲ್ಲ.

ಪ್ರಭಾವ

ನವಿಲು ಕೋಣೆಯನ್ನು ಕಲೆಗಾಗಿ ಕಲೆ ಎಂದು ಸಾರಿದ ಸೌಂದರ್ಯವಾದಿ ಚಳವಳಿಯ ಹಾಗೂ ಆಂಗ್ಲೋ–ಜಪಾನೀ ಶೈಲಿಯ ಮುಖ್ಯ ಕೃತಿಯೆಂದು ಪರಿಗಣಿಸಲಾಗಿದೆ. ಅಮೆರಿಕದ ಕಲಾವಿದ ಡ್ಯಾರೆನ್ ವಾಟರ್‌ಸ್ಟನ್ ಅವರು 2014ರಲ್ಲಿ ಪ್ರದರ್ಶಿಸಿದ 'ಫಿಲ್ದಿ ಲೂಕರ್' (ಹೊಲಸು ಹಣ) ಎಂಬ ಕೃತಿಯಲ್ಲಿ ಇದೇ ಕೋಣೆಯನ್ನು ಪಾಳುಬಿದ್ದಂತೆ ಮರುಸೃಷ್ಟಿಸಿದ್ದಾರೆ. ಅದರಲ್ಲಿ ಗೂಡುಗಳು ಮುರಿದಿವೆ, ಪಾತ್ರೆಗಳು ಒಡೆದಿವೆ, ಚಿನ್ನವು ಗೋಡೆಯಿಂದ ಸೋರಿ ನೆಲಕ್ಕೆ ಹರಿದಿದೆ. ಮೂಲ ಕೋಣೆಯಲ್ಲಿ ಮಾತ್ರ ಎರಡು ನವಿಲುಗಳು ಗಾಢ ನೀಲಿಯ ಮೇಲೆ ಇಂದಿಗೂ ಎದುರುಬದುರಾಗಿ ನಿಂತಿವೆ.